ಹನ್ನೆರಡು ತಾಸಿನ ಪಾಳಿ: ಕಲಬುರಗಿಯ ಒಂದು ದಾಲ್ ಮಿಲ್ ಪ್ರಕರಣ

ಕಲಬುರಗಿ ಹೊರವಲಯದ ಒಂದು ದಾಲ್ ಮಿಲ್‌ನಲ್ಲಿ 2021ರ ಕೊನೆಯಿಂದ 2023ರವರೆಗೆ ನಡೆದ ಸಂಗತಿ ಇದು. ಮಿಲ್ಲಿನ ಹೆಸರು, ಜಾಗ, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸಗಾರರಿಗೆ ಕಾನೂನು ಸಲಹೆ ಕೊಡುವವನಾಗಿ ನಾನು ಇದರಲ್ಲಿ ಇದ್ದೆ. ಹನ್ನೆರಡು ತಾಸಿನ ಪಾಳಿ ನಡೆಯುವ ಬೇರೆ ಕಾರ್ಖಾನೆಗಳ ಜನರಿಗೂ, ಅವರ ಪರವಾಗಿ ಓಡಾಡುವವರಿಗೂ ಇದು ಕೆಲಸಕ್ಕೆ ಬರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮಿಲ್ಲು ಮತ್ತು ಅದರ ಜನ

ನಮ್ಮದು ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಬಂತು. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದು ಮಾಲು ಎಪಿಎಂಸಿಗೆ ಬರತೊಡಗಿದರೆ ಮಿಲ್ಲುಗಳಿಗೆ ಬಿಡುವಿರುವುದಿಲ್ಲ. ತೊಗರಿಯನ್ನು ಹಸನು ಮಾಡಬೇಕು, ರೋಲರ್‌ನಲ್ಲಿ ಗೀರಬೇಕು, ಎಣ್ಣೆ ಸವರಿ ಒಣಗಿಸಬೇಕು, ಸಿಪ್ಪೆ ತೆಗೆದು ಒಡೆಯಬೇಕು, ಆಮೇಲೆ ಬೇಳೆ, ನುಚ್ಚು, ಹೊಟ್ಟು ಬೇರೆ ಮಾಡಿ ಚೀಲ ತುಂಬಬೇಕು. ಎಲ್ಲವೂ ಧೂಳಿನ ಕೆಲಸ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಒಳಗೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ, ಅಲ್ವಾ?

ಈ ಮಿಲ್ಲಿನಲ್ಲಿ ಸುಮಾರು ನಲವತ್ತು ಜನ ಇದ್ದರು. ಹಸನು ಮಾಡುವುದಕ್ಕೆ, ಗ್ರೇಡಿಂಗ್‌ಗೆ ಅಕ್ಕಪಕ್ಕದ ಓಣಿಗಳ ಹೆಂಗಸರು. ಯಂತ್ರಗಳ ಮೇಲೆ ಬಹುತೇಕ ಹೊರ ರಾಜ್ಯದ ಹುಡುಗರು. ಮಿಲ್ಲಿನ ಹಿಂದಿನ ಖೋಲಿಗಳಲ್ಲೇ ಅವರ ವಾಸ. ಲಾರಿಗೆ ಚೀಲ ಹೊರುವುದು ಹಮಾಲರ ಟೋಳಿ. ಅವರಿಗೆ ದಿನದ ಪಗಾರವಿಲ್ಲ, ಚೀಲದ ಲೆಕ್ಕ.

ಪಾಳಿ ಎರಡು: ಬೆಳಗ್ಗೆ ಎಂಟರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಹೆಂಗಸರು ಹಗಲು ಪಾಳಿಯಲ್ಲಿ ಮಾತ್ರ. ಊಟಕ್ಕೆ ಬೇರೆ ಬಿಡುವು ಇರಲಿಲ್ಲ, ಯಂತ್ರ ನಡೆಯುತ್ತಿರುವಾಗಲೇ ಒಬ್ಬರಾದ ಮೇಲೆ ಒಬ್ಬರು ಉಂಡು ಬರುತ್ತಿದ್ದರು. ವಾರಕ್ಕೆ ಆರು ದಿನ ಅಂದರೆ 72 ತಾಸು. ಸುಗ್ಗಿಯಲ್ಲಿ ಏಳನೇ ದಿನವೂ ಇರುತ್ತಿತ್ತು. ಯಂತ್ರದ ಹುಡುಗರು ತಿಂಗಳಲ್ಲಿ ನಾಲ್ಕೈದು ಸಲ ಡಬಲ್ ಡ್ಯೂಟಿ ಮಾಡುತ್ತಿದ್ದರು, ಅಂದರೆ ಸತತ 24 ತಾಸು. ಯಂತ್ರದ ಸಹಾಯಕನೊಬ್ಬನಿಗೆ ಪಾಳಿಗೆ 480 ರೂಪಾಯಿ. ಓಟಿ, ಅಂದರೆ ಹೆಚ್ಚುವರಿ ತಾಸಿಗೆ ಬೇರೆ ದುಡ್ಡು, ಎಂಬ ಮಾತೇ ಇರಲಿಲ್ಲ.

ಆದರೆ ಮಿಲ್ಲಿನ ಆಫೀಸಿನಲ್ಲಿ, ಲೆಕ್ಕ ಬರೆಯುವ ಮುನೀಮರ ಕುರ್ಚಿಯ ಹಿಂದೆ ಒಂದು ಬೋರ್ಡು ಇತ್ತು. ಇಂಗ್ಲಿಷ್‌ನಲ್ಲಿ. ಕೆಲಸದ ಸಮಯ ಬೆಳಗ್ಗೆ ಒಂಬತ್ತರಿಂದ ಸಂಜೆ ಆರು, ಒಂದು ತಾಸು ಊಟದ ಬಿಡುವು, ಭಾನುವಾರ ರಜೆ. ಇದು ಮುಂದೆ ದೊಡ್ಡ ಪಾತ್ರ ವಹಿಸಿತು.

ಕೇಳಿದ್ದು ಏನು

ನನ್ನ ಹತ್ತಿರ ಮೊದಲು ಬಂದವರು ಗ್ರೇಡಿಂಗ್‌ನ ಮೂವರು ಹೆಂಗಸರು ಮತ್ತು ಒಬ್ಬ ಆಪರೇಟರ್. ಹೆಂಗಸರ ತೊಂದರೆ ನೇರವಾಗಿತ್ತು. "ರಾತ್ರಿ ಎಂಟಕ್ಕ ಬಿಟ್ರ ಮನಿ ಮುಟ್ಟಲಿಕ್ಕ ಒಂಬತ್ತು ಆಗ್ತದ್ರೀ ಸರ. ಆಮ್ಯಾಲ ರೊಟ್ಟಿ ಬಡೀಬೇಕು. ಮಕ್ಕಳು ಮಲಗೇಬಿಟ್ಟಿರ್ತಾವ." ಆಪರೇಟರ್‌ನ ತೊಂದರೆ ಬೇರೆ. ಡಬಲ್ ಡ್ಯೂಟಿ ಮಾಡಿದ ಬೆಳಗ್ಗೆ ಜೊತೆಗಾರನೊಬ್ಬನ ಕೈ ಬೆಲ್ಟಿಗೆ ಸಿಕ್ಕು ಎರಡು ಬೆರಳು ಜಜ್ಜಿದ್ದವು.

ಅವರ ಜೊತೆ ಬಂದಿದ್ದ ಹಿರಿಯ ಸಂಘಟಕರೊಬ್ಬರು ಒಂದು ಸಲಹೆ ಕೊಟ್ಟರು. ದಿನಕ್ಕೆ ಎಂಟು ತಾಸು ಎಂದು ಜಗತ್ತೇ ಒಪ್ಪಿದೆ, ಭಾರತವೂ ಸಹಿ ಹಾಕಿದೆ. ಅರ್ಜಿಯಲ್ಲಿ ಅದನ್ನೇ ಮುಖ್ಯವಾಗಿ ಬರೆಯೋಣ ಎಂದರು. ಈ ಪ್ರಕರಣದ ಮೊದಲ ತೀರ್ಮಾನ ಇಲ್ಲೇ ಆಗಿದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ 1919ರ ಅಕ್ಟೋಬರ್ ಕೊನೆಗೆ ವಾಷಿಂಗ್ಟನ್‌ನಲ್ಲಿ ಶುರುವಾಯಿತು. ಭಾರತದ ಕಾರ್ಮಿಕರ ಪರವಾಗಿ ಎನ್.ಎಂ. ಜೋಶಿ ಹೋಗಿದ್ದರು. ಆ ಸಮ್ಮೇಳನದ ಮೊಟ್ಟಮೊದಲ ಒಪ್ಪಂದವೇ ಕೆಲಸದ ತಾಸಿನದು: ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48. ಭಾರತ ಇದನ್ನು 1921ರ ಜುಲೈ 14ರಂದು ಅನುಮೋದಿಸಿತು. ಇಷ್ಟು ಕೇಳಿದರೆ ಸಂಘಟಕರ ಮಾತು ಸರಿ ಅನಿಸುತ್ತದೆ. ಆದರೆ ಆ ಒಪ್ಪಂದದ 10ನೇ ವಿಧಿ ಓದಬೇಕು. ಬ್ರಿಟಿಷ್ ಇಂಡಿಯಾಕ್ಕೆ 48 ಅಲ್ಲ, 60 ತಾಸಿನ ವಾರ ಎಂದು ಅಲ್ಲಿ ಬೇರೆಯಾಗಿ ಬರೆದಿದೆ. ಆಗ ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು, ಬ್ರಿಟಿಷ್ ಇಂಡಿಯಾದ ಲೆಕ್ಕಕ್ಕೂ ಬರುತ್ತಿರಲಿಲ್ಲ.

48 ನಮಗೆ ಬಂದದ್ದು ನಮ್ಮದೇ ಕಾನೂನಿನಿಂದ. ಒಪ್ಪಂದದ ನಂತರ 1922ರಲ್ಲಿ ಕಾರ್ಖಾನೆ ಕಾಯ್ದೆ ವಾರಕ್ಕೆ 60 ತಾಸು ಎಂದಿತು. 1934ರಲ್ಲಿ ಅದು 54ಕ್ಕೆ ಇಳಿಯಿತು. ಡಾ. ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ತಂದ 1946ರ ತಿದ್ದುಪಡಿಯಿಂದ 48 ಆಯಿತು. 1948ರ ಕಾಯ್ದೆ ಅದನ್ನೇ ಗಟ್ಟಿ ಮಾಡಿತು: ವಾರಕ್ಕೆ 48, ದಿನಕ್ಕೆ ಹೆಚ್ಚೆಂದರೆ 9, ಅದರ ಮೇಲಿನ ಪ್ರತಿ ತಾಸಿಗೂ ಇಮ್ಮಡಿ ದರ. ಒಪ್ಪಂದ ಕೇಳುವ ಓಟಿ ದರ ಒಂದೂಕಾಲು ಪಟ್ಟು ಮಾತ್ರ. ಅಂದರೆ ನಮ್ಮ ಕಾಯ್ದೆ ಒಪ್ಪಂದಕ್ಕಿಂತ ಮುಂದಿತ್ತು. ನವೆಂಬರ್ 2025ರಿಂದ ಈ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಎಂಟು ತಾಸಿನ ದಿನ, ಓಟಿಗೆ ಇಮ್ಮಡಿ ದರ ಅದರಲ್ಲೂ ಇವೆ. ಈ ಪ್ರಕರಣ ಹಳೆಯ ಕಾಯ್ದೆಯ ಕೆಳಗೆ ನಡೆದದ್ದು, ಕೆಳಗಿನ ಕಲಂಗಳೆಲ್ಲ ಅದರವೇ.

ವಾಷಿಂಗ್ಟನ್ ಒಪ್ಪಂದವನ್ನು ಅರ್ಜಿಯ ಮೊದಲ ಸಾಲಿಗೆ ತಂದರೆ ಮಾಲೀಕರ ವಕೀಲರು 10ನೇ ವಿಧಿ ತೋರಿಸಿ ನಮ್ಮನ್ನು ಕೂರಿಸಿಬಿಡುತ್ತಿದ್ದರು. ಅದಕ್ಕೇ ಬೇಡ ಎಂದೆ. ದೇಶದ ಕಾನೂನಿನ ಮೇಲೆ ನಿಲ್ಲೋಣ, ಒಪ್ಪಂದವನ್ನು ನಮ್ಮ ತಿಳಿವಳಿಕೆಗೆ ಇಟ್ಟುಕೊಳ್ಳೋಣ ಎಂದು ನಿರ್ಧಾರವಾಯಿತು. ಹಾಗೆ ಇಟ್ಟುಕೊಂಡದ್ದು ಸುಮ್ನೆ ಹೋಗಲಿಲ್ಲ.

ಒಳಗಿನ ಜಗಳ

ಎಲ್ಲರನ್ನೂ ಒಂದು ಕಡೆ ಕೂರಿಸಿದಾಗ ಹೊರ ರಾಜ್ಯದ ಹುಡುಗರು ಒಪ್ಪಲೇ ಇಲ್ಲ. ಊರು ಬಿಟ್ಟು ಬಂದಿದ್ದೇವೆ, ಖೋಲಿಯಲ್ಲಿ ಮಲಗಿ ಏನು ಮಾಡೋದು, ನಾಲ್ಕು ಕಾಸು ಜಾಸ್ತಿ ಸಿಗಲಿ ಎನ್ನುವುದು ಅವರ ಮಾತು. ಸ್ಥಳೀಯ ಗಂಡಸರಲ್ಲೂ ಒಬ್ಬ ಎದ್ದು ಕೇಳಿದ: "ತಾಸು ಕಡಿಮಿ ಮಾಡಿದ್ರ ಪಗಾರನೂ ಕಡಿಮಿ ಆಗ್ತದ ಅಲ್ರೀ? ಆಗ ನಮ್ಮನಿ ನೀವು ನಡಸ್ತೀರೇನು?"

ನನಗೆ ಈ ಪ್ರಶ್ನೆಯ ಮೇಲೆ ತುಂಬ ಗೌರವವಿದೆ. ಕೆಲಸದ ತಾಸಿನ ಬಗ್ಗೆ ಮಾತಾಡುವ ಎಷ್ಟೋ ಜನ ಇದನ್ನು ದಾಟಿ ಹೋಗುತ್ತಾರೆ. ಪಗಾರದ ಮಾತಿಲ್ಲದೆ ಬರಿ ತಾಸಿನ ಮಾತಾಡಿದರೆ ಬಡವನಿಗೆ ಅದು ಶಿಕ್ಷೆ. ಬರಿ ಓಟಿ ದುಡ್ಡಿನ ಮಾತಾಡಿದರೆ ಹನ್ನೆರಡು ತಾಸು ಹಾಗೇ ಉಳಿಯುತ್ತದೆ, ಬೆರಳು ಜಜ್ಜುವುದೂ ಉಳಿಯುತ್ತದೆ. ಎರಡು ಸಂಜೆ ಕೂತು ಮಾತಾಡಿದ ಮೇಲೆ ಒಂದು ಬೇಡಿಕೆ ರೂಪುಗೊಂಡಿತು: ದಿನದ ಪಗಾರ ಒಂದು ರೂಪಾಯಿ ಇಳಿಯದೆ ಪಾಳಿ ಎಂಟು ತಾಸಿಗೆ ಇಳಿಯಬೇಕು, ಮೇಲೆ ದುಡಿಸಿದರೆ ಇಮ್ಮಡಿ. ಹಮಾಲರ ಟೋಳಿಯ ಮುಖ್ಯಸ್ಥರಾದ ಮುಕಾದಮರು ಮಾತ್ರ ತಲೆ ಅಲ್ಲಾಡಿಸಿದರು. "ನಮಗ ಚೀಲದ ಲೆಕ್ಕ, ತಾಸಿನ ಲೆಕ್ಕ ನಮಗ ಬರಂಗಿಲ್ಲ" ಎಂದು ಅವರು ಬದಿಗೆ ನಿಂತರು.

ಎರಡು ಸೋಲು

ಮೊದಲು ಮಾಲೀಕರಿಗೇ ಒಂದು ಮನವಿ ಕೊಟ್ಟರು. ಹೆಬ್ಬೆಟ್ಟು, ಸಹಿ ಎಲ್ಲ ಸೇರಿ ಹತ್ತೊಂಬತ್ತು. ಮರುದಿನವೇ ಆ ಆಪರೇಟರ್‌ಗೂ ಒಬ್ಬ ಹೆಣ್ಣುಮಗಳಿಗೂ ಕೆಲಸ ಇಲ್ಲ ಎಂದು ಗೇಟಿನಲ್ಲೇ ಹೇಳಿದರು. ಉಳಿದವರ ಬಾಯಿ ಕಟ್ಟಿತು.

ಆಮೇಲೆ ಕಾರ್ಖಾನೆಗಳ ತಪಾಸಣೆ ನೋಡುವ ಸರ್ಕಾರಿ ಇಲಾಖೆಗೆ ದೂರು ಹೋಯಿತು. ತಪಾಸಣೆಯೂ ಆಯಿತು. ಹಾಜರಿ ಪುಸ್ತಕ ತೆರೆದರೆ ಎಲ್ಲವೂ ಸ್ವಚ್ಛ. ಒಂಬತ್ತಕ್ಕೆ ಬಂದರು, ಆರಕ್ಕೆ ಹೋದರು, ಭಾನುವಾರ ರಜೆ, ದಿನಕ್ಕೆ 480. ಅಲ್ಲಿದ್ದ ಕೆಲಸಗಾರರನ್ನು ಕೇಳಿದರೆ ಎಲ್ಲರೂ "ಹೌದ್ರೀ" ಎಂದರು. ಮಾಲೀಕರ ಎದುರಿಗೆ ನಿಲ್ಲಿಸಿ ಕೇಳಿದರೆ ಇನ್ನೇನು ಹೇಳುತ್ತಾರೆ? ಅಲ್ಲಿಗೆ ದೂರು ಮುಗಿಯಿತು ಎಂದೇ ಎಲ್ಲರೂ ತಿಳಿದರು.

ತೂಕದ ಚೀಟಿ

ಇಲ್ಲಿ ಆ ವಾಷಿಂಗ್ಟನ್ ಒಪ್ಪಂದ ನನಗೆ ನೆರವಾಯಿತು. ಅದರ 8ನೇ ವಿಧಿ ಮಾಲೀಕನ ಮೇಲೆ ಮೂರು ಹೊಣೆ ಹಾಕುತ್ತದೆ. ಕೆಲಸ ಶುರುವಾಗುವ, ಮುಗಿಯುವ ಹೊತ್ತನ್ನು ಕಾಣುವ ಹಾಗೆ ತೂಗುಹಾಕಬೇಕು. ಬಿಡುವಿನ ಹೊತ್ತನ್ನೂ ತಿಳಿಸಬೇಕು. ಹೆಚ್ಚುವರಿ ದುಡಿಸಿದ ತಾಸುಗಳನ್ನೆಲ್ಲ ಬರೆದಿಡಬೇಕು. ತೂಗುಹಾಕಿದ ಹೊತ್ತಿನ ಹೊರಗೆ ದುಡಿಸಿದರೆ ಅದೇ ಅಪರಾಧ. ನಮ್ಮ ಕಾಯ್ದೆಯ 61, 62, 63ನೇ ಕಲಂಗಳೂ ಇದನ್ನೇ ಹೇಳುತ್ತಿದ್ದವು. ತಾಸಿನ ಮಿತಿಯ ಇಡೀ ಕಟ್ಟಡ ನಿಂತಿರುವುದು ಒಂದು ಹಲಗೆ ಮತ್ತು ಒಂದು ಪುಸ್ತಕದ ಮೇಲೆ ಎಂದು 1919ರಲ್ಲಿ ಅದನ್ನು ಬರೆದವರಿಗೆ ಗೊತ್ತಿತ್ತು. ಹಾಗಾಗಿ ನಾವೂ ಎಂಟು ತಾಸಿನ ನ್ಯಾಯ ಅನ್ಯಾಯದ ವಾದ ಬಿಟ್ಟು ಹಲಗೆ ಮತ್ತು ಪುಸ್ತಕವನ್ನೇ ಹಿಡಿದೆವು.

ಸುಳ್ಳು ಹಾಜರಿ ಪುಸ್ತಕವನ್ನು ಮುರಿಯಲು ಸಮಯ ಅಚ್ಚಾದ ಬೇರೆ ಕಾಗದ ಬೇಕಿತ್ತು. ಅದು ಇದ್ದದ್ದು ಬದಿಗೆ ನಿಂತಿದ್ದ ಮುಕಾದಮರ ಟ್ರಂಕಿನಲ್ಲಿ. ಹಮಾಲಿ ದುಡ್ಡಿನ ಲೆಕ್ಕಕ್ಕೆಂದು ಅವರು ಪ್ರತಿ ಲಾರಿಯ ತೂಕದ ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಲಾರಿ ಬಂದ ಹೊತ್ತು, ತುಂಬಿ ಹೋದ ಹೊತ್ತು ಎರಡೂ ಇರುತ್ತವೆ. ರಾತ್ರಿ ಏಳೂವರೆ, ಬೆಳಗಿನ ಜಾವ ನಾಲ್ಕು, ಭಾನುವಾರ ಮಧ್ಯಾಹ್ನ. ಅದೇ ಕಟ್ಟುಗಳಲ್ಲಿ ಮುನೀಮರ ಕೈಬರಹದ ಪಾಳಿ ಚೀಟಿಗಳೂ ಸಿಕ್ಕವು: ಯಾವ ಪಾಳಿ, ಯಾವ ಆಪರೇಟರ್, ಎಷ್ಟು ಚೀಲ. ಮುಕಾದಮರು ಅವನ್ನು ತಾವಾಗಿಯೇ ತಂದುಕೊಟ್ಟರು. ಯಾಕೆ ಮನಸ್ಸು ಬದಲಾಯಿತು ಎಂದು ನಾನು ಕೇಳಿರಲಿಲ್ಲ. "ಆ ಹುಡುಗನ ಬಳ್ಳು ನಾನೇ ಅರಬಿ ಸುತ್ತಿ ಕಟ್ಟಿದ್ದೆ" ಎಂದಷ್ಟೇ ಅಂದರು.

ಆಗ ನಮ್ಮನ್ನು ಸೋಲಿಸಿದ ಹಾಜರಿ ಪುಸ್ತಕವೇ ನಮ್ಮ ಕಡೆಗೆ ತಿರುಗಿತು. ಇದೇ ಪ್ರಕರಣದ ನಿಜವಾದ ತಿರುವು. ಮಾಲೀಕರ ವಾದ ಏನಾಗಬಹುದಿತ್ತು? 480 ರೂಪಾಯಿ ಅಂದರೆ ಹನ್ನೆರಡು ತಾಸಿಗೆ ಅಂತಲೇ ಮಾತಾಗಿತ್ತು, ತಾಸಿಗೆ 40 ಎನ್ನಬಹುದಿತ್ತು. ಆದರೆ ಅವರದೇ ಪುಸ್ತಕ, ಅವರದೇ ಬೋರ್ಡು ಎಂಟು ತಾಸಿಗೆ 480 ಎನ್ನುತ್ತಿವೆ. ಅಂದರೆ ತಾಸಿಗೆ 60. ತೂಕದ ಚೀಟಿ ಹನ್ನೆರಡು ತಾಸಿನ ದುಡಿಮೆಯನ್ನು ತೋರಿಸುತ್ತದೆ. ಮೇಲಿನ ನಾಲ್ಕು ತಾಸಿಗೆ ಇಮ್ಮಡಿ, ಅಂದರೆ 120ರಂತೆ ಇನ್ನೂ 480. ದಿನಕ್ಕೆ 960 ಕೊಡಬೇಕಿದ್ದ ಕಡೆ ಅರ್ಧ ಕೊಡುತ್ತಿದ್ದರು ಎಂದು ಅವರ ಕಾಗದಗಳೇ ಲೆಕ್ಕ ಕೊಟ್ಟವು. ಆಗಿನ ವೇತನ ಪಾವತಿ ಕಾಯ್ದೆಯ ಪ್ರಕಾರ ಹಿಂದಿನ ಹನ್ನೆರಡು ತಿಂಗಳ ಬಾಕಿ ಕೇಳಬಹುದಿತ್ತು. ನಲವತ್ತು ಜನಕ್ಕೆ ಗುಣಿಸಿದಾಗ ಮೊತ್ತ ದೊಡ್ಡದಾಯಿತು.

ಸುಗ್ಗಿಯ ಪ್ರಶ್ನೆ

ಮಾಲೀಕರು ಮಾತಿಗೆ ಕೂತರು. ಅವರದ್ದು ಒಂದು ನಿಜವಾದ ಕಷ್ಟವೂ ಇತ್ತು. ತೊಗರಿ ಬರುವುದು ಸುಗ್ಗಿಯಲ್ಲಿ. ಆ ವಾರಗಳಲ್ಲಿ ಮಿಲ್ಲು ಓಡದಿದ್ದರೆ ವರ್ಷದ ವ್ಯಾಪಾರವೇ ಹೋಗುತ್ತದೆ ಎಂದರು. 2020ರಲ್ಲಿ ಸರ್ಕಾರವೇ 60 ತಾಸು ಮಾಡಿರಲಿಲ್ಲವೇ ಎಂದೂ ಕೇಳಿದರು. ಹೌದು, ಕೋವಿಡ್ ಕಾಲದಲ್ಲಿ ಮೇ 22ರಂದು ಕರ್ನಾಟಕ ದಿನಕ್ಕೆ 10, ವಾರಕ್ಕೆ 60 ತಾಸಿನ ಆದೇಶ ಹೊರಡಿಸಿತ್ತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಗುಜರಾತಿನ ಅಂಥದ್ದೇ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ರದ್ದು ಮಾಡಿ, ಓಟಿ ದುಡ್ಡು ಕೊಡಲು ಹೇಳಿತು. ನೂರು ವರ್ಷದ ಹಿಂದೆ ಬ್ರಿಟಿಷ್ ಇಂಡಿಯಾಕ್ಕೆ ಬರೆದ ಅದೇ 60 ಮತ್ತೆ ಬಂದದ್ದು ನೋಡಿ ನನಗೆ ಆಗ ಸಂಕಟವಾಗಿತ್ತು.

ಸುಗ್ಗಿಯ ಪ್ರಶ್ನೆಗೆ ಮಾತ್ರ ಉತ್ತರ ಕಾನೂನಿನಲ್ಲೇ ಇತ್ತು. ಕೆಲಸದ ಒತ್ತಡ ಅಸಾಧಾರಣವಾಗಿದ್ದಾಗ ತಾತ್ಕಾಲಿಕ ವಿನಾಯಿತಿ ಕೊಡಬಹುದು ಎಂದು ಒಪ್ಪಂದದ 6ನೇ ವಿಧಿಯೇ ಹೇಳುತ್ತದೆ. ಆದರೆ ಹೆಚ್ಚುವರಿ ತಾಸಿಗೆ ಮಿತಿ ಹಾಕಬೇಕು, ಎರಡೂ ಕಡೆಯ ಸಂಘಟನೆಗಳಿದ್ದರೆ ಅವರನ್ನು ಕೇಳಬೇಕು. ನಮ್ಮ 65ನೇ ಕಲಂ ಕೂಡ ಅದೇ ದಾರಿಯದಾಗಿತ್ತು. ಇಲಾಖೆಯ ಅನುಮತಿ ಪಡೆದರೆ ಓಟಿ ಸೇರಿ ವಾರಕ್ಕೆ 60ರವರೆಗೆ ಹೋಗಬಹುದಿತ್ತು. ಸತತ ಏಳು ದಿನಕ್ಕಿಂತ ಹೆಚ್ಚು ಓಟಿ ಮಾಡಿಸುವಂತಿರಲಿಲ್ಲ. ಮೂರು ತಿಂಗಳಲ್ಲಿ ಒಟ್ಟು ಓಟಿ 75 ತಾಸು ಮೀರುವಂತಿರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ದಿನಕ್ಕೆ ಹತ್ತು ತಾಸು, ಆರು ದಿನ, ವಾರಕ್ಕೆ 12 ತಾಸು ಓಟಿ. 75ರಲ್ಲಿ ಅಂಥ ಆರು ವಾರ ಸಿಗುತ್ತವೆ. ನಿಮ್ಮ ನಿಜವಾದ ಗಡಿಬಿಡಿ ಎಷ್ಟು ವಾರದ್ದು ಎಂದು ಕೇಳಿದೆವು. ಅವರು ಮುನೀಮರ ಮುಖ ನೋಡಿದರು. ಮುನೀಮರು "ಐದಾರು ವಾರ" ಎಂದರು.

ಅಲ್ಲಿಂದ ಮಾಲೀಕರ ಜೊತೆ ರಾಜಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಂಟು ತಾಸಿನ ಎರಡು ಪಾಳಿ, ನಡುವೆ ಅರ್ಧ ತಾಸು ಬಿಡುವು, ಹೆಂಗಸರಿಗೆ ಬೆಳಗಿನ ಪಾಳಿ. ದಿನಕ್ಕೆ 480 ಹಾಗೇ. ಅನುಮತಿ ಪಡೆದ ಆರು ವಾರ ಮಾತ್ರ ಹತ್ತು ತಾಸು, ಆಗ ದಿನಕ್ಕೆ 720. ವಾರದ ರಜೆ ಕಡ್ಡಾಯ, ಡಬಲ್ ಡ್ಯೂಟಿ ಬಂದ್. ಬೋರ್ಡು ಕನ್ನಡ, ಹಿಂದಿ ಎರಡರಲ್ಲೂ ಗೇಟಿನ ಒಳಗೋಡೆಯ ಮೇಲೆ. ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತನ್ನು ಕೆಲಸಗಾರರೇ ಬರೆಯಬೇಕು. ಬರೆಯಲು ಬಾರದವರಿಗೆ ಅವರೇ ಆರಿಸಿದ ಒಬ್ಬರು ಬರೆದುಕೊಡಬೇಕು. ಈ ಕೊನೆಯ ಶರತ್ತಿಗೇ ಮಾಲೀಕರು ಹೆಚ್ಚು ಹಟ ಮಾಡಿದ್ದು, ನಾವೂ ಬಿಡದೆ ಹಿಡಿದದ್ದು.

ಹಳೆಯ ಬಾಕಿ ಪೂರ್ತಿ ಸಿಗಲಿಲ್ಲ. ಕೇಸು ಹಾಕಿ ವರ್ಷಗಟ್ಟಲೆ ಕಾಯುವುದೋ, ಕಡಿಮೆಗೆ ಒಪ್ಪಿ ಕೈಗೆ ತೆಗೆದುಕೊಳ್ಳುವುದೋ ಎಂಬ ಮಾತು ಬಂದಾಗ ಬಹುಮತ ಎರಡನೆಯದಕ್ಕೆ ಹೋಯಿತು. ತಲಾ ಎರಡು ತಿಂಗಳ ಪಗಾರದಷ್ಟು, ಕಂತಿನಲ್ಲಿ ಬಂತು. ನನಗೆ ಇದು ಕಡಿಮೆಯೇ ಅನಿಸಿತ್ತು. ಆದರೆ ಕಾಯಬೇಕಾದವರು ಅವರು, ತೀರ್ಮಾನವೂ ಅವರದ್ದೇ ಆಗಬೇಕಿತ್ತು.

ಆಮೇಲೆ ಆದದ್ದು

ದಿನದ ಚೀಲದ ಲೆಕ್ಕ ಇಳಿಯಿತು, ಮಾಲೀಕರು ಹೆದರಿದಷ್ಟು ಅಲ್ಲ. ಹಿಂದೆ ಪಾಳಿಯ ಕೊನೆಯ ತಾಸುಗಳಲ್ಲಿ ನುಚ್ಚು ಜಾಸ್ತಿ ಬೀಳುತ್ತಿತ್ತು, ಈಗ ಕಡಿಮೆಯಾಗಿದೆ ಎಂದು ಆಪರೇಟರ್‌ಗಳು ಹೇಳುತ್ತಾರೆ. ದಾಲ್ ಮಿಲ್ಲಿನ ದೊಡ್ಡ ಖರ್ಚು ತೊಗರಿಯದ್ದು, ಕೂಲಿಯದ್ದಲ್ಲ. ಮಿಲ್ಲು ಮುಚ್ಚಲಿಲ್ಲ. ಕೆಲಸ ಕಳೆದುಕೊಂಡಿದ್ದ ಹೆಣ್ಣುಮಗಳು ವಾಪಸ್ ಬಂದರು. ಆಪರೇಟರ್ ಅಷ್ಟರಲ್ಲಿ ಬೇರೆ ಊರಿಗೆ ಹೋಗಿಬಿಟ್ಟಿದ್ದ. ಎಲ್ಲವನ್ನೂ ಶುರು ಮಾಡಿದವನಿಗೆ ಏನೂ ಸಿಗಲಿಲ್ಲ ಎಂಬುದು ಈಗಲೂ ನೋವು. ಮನವಿಗೆ ಸಹಿ ಹಾಕುವ ಮೊದಲು ಕಾಗದ ಕೂಡಿಸಿ, ಆಮೇಲೆ ಹೆಸರು ಹೊರಗೆ ಬರಲಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ. ಡಬಲ್ ಡ್ಯೂಟಿ ನಿಂತದ್ದರಿಂದ ಹೊರ ರಾಜ್ಯದ ಕೆಲವು ಹುಡುಗರು ಹನ್ನೆರಡು ತಾಸು ಸಿಗುವ ಬೇರೆ ಮಿಲ್ಲುಗಳಿಗೆ ಹೋದರು. ಒಂದೇ ಮಿಲ್ಲಿನಲ್ಲಿ ತಾಸು ಇಳಿಸಿದರೆ ಇದು ಆಗುವುದೇ. 1919ರಲ್ಲಿ ಎಲ್ಲ ದೇಶಗಳೂ ಒಟ್ಟಿಗೆ ಒಪ್ಪಂದ ಮಾಡಿಕೊಳ್ಳಬೇಕು ಎಂದದ್ದಕ್ಕೆ ಕಾರಣವೂ ಇದೇ ಆಗಿತ್ತು. ಒಬ್ಬರು ಇಳಿಸಿ ಪಕ್ಕದವರು ಇಳಿಸದಿದ್ದರೆ ಸರಕೂ ಜನರೂ ಅತ್ತ ಹೋಗುತ್ತಾರೆ. ಕಲಬುರಗಿಯ ಮಿಲ್ಲುಗಳ ನಡುವೆಯೂ ಅಂಥದ್ದೊಂದು ಮಾತುಕತೆ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ಕೆಲಸಗಾರ ಬರೆದು ಒಪ್ಪಿಗೆ ಕೊಟ್ಟರೆ ದಿನಕ್ಕೆ ಹನ್ನೆರಡು ತಾಸಿನವರೆಗೆ ದುಡಿಸಬಹುದು, ಮೂರು ತಿಂಗಳ ಓಟಿ 145 ತಾಸಿನವರೆಗೆ ಹೋಗಬಹುದು ಎಂದಾಯಿತು. ನನ್ನ ಮಟ್ಟಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ. ಗೇಟಿನಲ್ಲೇ ಕೆಲಸ ಇಲ್ಲ ಎನ್ನುವ ಕಡೆ ಬರೆದುಕೊಟ್ಟ ಒಪ್ಪಿಗೆಗೆ ಏನು ಬೆಲೆ? ಮಿಲ್ಲಿನಲ್ಲೂ ಅಚ್ಚು ಮಾಡಿದ ಒಪ್ಪಿಗೆ ಪತ್ರ ಬಂತು. ಗ್ರೇಡಿಂಗ್‌ನ ಒಬ್ಬ ಹಿರಿಯ ಹೆಣ್ಣುಮಗಳು ಅದನ್ನು ಓದಿಸಿಕೊಂಡು ಕೇಳಿದರು: "ದಿನಕ್ಕ ಹನ್ನೆರಡು ಅಂತ ಬರದಾರ. ವಾರಕ್ಕ ಎಷ್ಟು ಅಂತ ಯಾಕ ಬರದಿಲ್ಲ, ಸಾಹುಕಾರ್ರ?" ವಾರದ 48 ಆ ತಿದ್ದುಪಡಿಯಲ್ಲೂ ಬದಲಾಗಿರಲಿಲ್ಲ. ಹನ್ನೆರಡರಂತೆ ದುಡಿದರೆ ನಾಲ್ಕೇ ದಿನ. ವಾರಕ್ಕೆ ನಾಲ್ಕು ದಿನ ಮಿಲ್ಲು ನಡೆಸುವ ವಿಚಾರ ಮಾಲೀಕರಿಗೂ ಇರಲಿಲ್ಲ. ಆ ಪತ್ರಕ್ಕೆ ಯಾರೂ ಸಹಿ ಹಾಕಲಿಲ್ಲ.

ಹಮಾಲರ ವಿಷಯ ಮಾತ್ರ ಹಾಗೇ ಉಳಿಯಿತು. ಅವರ ಚೀಟಿಗಳಿಂದಲೇ ಎಲ್ಲ ಆಯಿತು, ಅವರು ಈಗಲೂ ಲಾರಿ ಬಂದಾಗ ಬರಬೇಕು, ಎಷ್ಟು ಹೊತ್ತಾದರೂ ಇರಬೇಕು. ಚೀಲದ ಲೆಕ್ಕದವರಿಗೆ ತಾಸಿನ ಲೆಕ್ಕ ಬರುವುದಿಲ್ಲ ಎಂಬುದು ಸರಿಯಲ್ಲ. ಹಳೆಯ ಕಾಯ್ದೆಯ 59ನೇ ಕಲಂ ಅವರಿಗೂ ಓಟಿ ಕೊಡಬೇಕು ಎನ್ನುತ್ತಿತ್ತು. ಹಿಂದಿನ ತಿಂಗಳು ಅದೇ ಕೆಲಸದಲ್ಲಿ ಪೂರ್ತಿ ದುಡಿದ ದಿನಗಳ ಸರಾಸರಿ ಗಳಿಕೆಯನ್ನು ದಿನದ ದರ ಎಂದು ಹಿಡಿಯಬೇಕು ಎಂದು ದಾರಿಯನ್ನೂ ಹೇಳುತ್ತಿತ್ತು. ಮುಕಾದಮರ ಕೈಕೆಳಗೆ ಇದ್ದಾರೆ ಎಂಬ ಕಾರಣಕ್ಕೂ ಅವರನ್ನು ಹೊರಗಿಡುವಂತಿರಲಿಲ್ಲ. ಗುತ್ತಿಗೆಯ ಮೂಲಕ ಬಂದವರೂ ಆ ಕಾಯ್ದೆಯಲ್ಲಿ ಕಾರ್ಮಿಕರೇ ಆಗಿದ್ದರು. ಇದನ್ನು ಮುಕಾದಮರಿಗೆ ಬಿಡಿಸಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಗ್ರೇಡಿಂಗ್‌ನ ಹೆಣ್ಣುಮಗಳ ಹತ್ತಿರ ಹೋಗಿ ಪುಸ್ತಕ ಬರೆಯುವುದು ಹೇಗೆ ಎಂದು ಕೇಳಿದರು. ಮುಂದಿನ ಸುಗ್ಗಿಯಿಂದ ಟೋಳಿಯ ಹುಡುಗನೊಬ್ಬ ಪ್ರತಿ ಲಾರಿಯ ಚೀಟಿಯ ಜೊತೆಗೆ, ಹೊತ್ತವರ ಹೆಸರು ಮತ್ತು ಅವರು ಬಂದ ಹೊತ್ತನ್ನೂ ಬರೆದಿಡುತ್ತಿದ್ದಾನೆ.